ಗೋಹರ್ ಅಂತ ಓದಿ ಕುಣಿದಾಡಿದ್ದೆ: ಹಳೇ ಪ್ಲೇಟುಗಳ ಜೊತೆ ನನ್ನ ಅನುಭವ

ಹುಬ್ಬಳ್ಳಿಯ ದುರ್ಗದಬೈಲ್ ಹತ್ತಿರ ಒಂದು ಗುಜರಿ ಅಂಗಡಿಯಲ್ಲಿ ಒಂಬತ್ತು ಪ್ಲೇಟು ಸಿಕ್ಕವು. ಪ್ಲೇಟು ಅಂದರೆ ಗ್ರಾಮಫೋನ್ ಪ್ಲೇಟು, ನಿಮಿಷಕ್ಕೆ 78 ಸುತ್ತು ತಿರುಗುವಂಥದ್ದು. ಒಂದರ ಮೇಲೊಂದು ಪೇರಿಸಿ ಮೇಲೆ ಕೆಟ್ಟ ಮಿಕ್ಸರ್ ಇಟ್ಟಿದ್ದರು. "ತಗೊಂಡ ಹೋಗ್ರಿ ಸರ, ಎಲ್ಲಾ ಸೇರಿ ಐನೂರು ಕೊಡ್ರಿ. ಹೋದ ವಾರ ಒಬ್ರು ಬಿಸಿನೀರಾಗ ಮೆತ್ತಗ ಮಾಡಿ ಹೂಕುಂಡ ಮಾಡ್ತೀನಿ ಅಂತ ಹತ್ತು ಒಯ್ದಾರ" ಅಂದರು ಅಂಗಡಿಯವರು. ಆ ಹತ್ತರಲ್ಲಿ ಯಾರ್‍ಯಾರ ದನಿ ಇತ್ತೋ ಅಂತ ಹೊಟ್ಟೆ ಉರಿಯಿತು.

ಮನೆಗೆ ತಂದು ನೋಡಿದರೆ ಒಂದರ ಲೇಬಲ್ಲನ್ನು ಅರ್ಧ ಹುಳ ತಿಂದಿತ್ತು. ಉಳಿದಿದ್ದು ಇಂಗ್ಲಿಷಿನ ಐದು ಅಕ್ಷರ ಮಾತ್ರ. ಗೋಹರ್. ನಾನು ಅಕ್ಷರಶಃ ಕುಣಿದಾಡಿದೆ. ಗೋಹರ್ ಅಂದರೆ ಗೌಹರ್ ಜಾನ್ ಅಲ್ವಾ! 1902ರ ನವೆಂಬರ್‌ನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತಾದಲ್ಲಿ ಹಾಡಿಸಿ ಮುದ್ರಿಸಿಕೊಂಡವರಲ್ಲಿ ಒಬ್ಬರು. ಹಾಡು ಮುಗಿದ ತಕ್ಷಣ ಇಂಗ್ಲಿಷಿನಲ್ಲಿ "ನಾನು ಗೌಹರ್ ಜಾನ್" ಅಂತ ಕೂಗಿ ಹೇಳುತ್ತಿದ್ದವರು. ಅದು ಜಂಬ ಅಂತ ನಾನೂ ಬಹಳ ದಿನ ಅಂದುಕೊಂಡಿದ್ದೆ. ಆಗ ಪ್ಲೇಟು ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿನವರಿಗೆ ಇದು ಯಾರ ಹಾಡು ಅಂತ ಗೊತ್ತಾಗಬೇಕಲ್ಲ, ಅದಕ್ಕೆ ಹೆಸರು ಹೇಳಿಸುತ್ತಿದ್ದರು. ಆಕೆ ಕೊನೆಗಾಲದಲ್ಲಿ ನಮ್ಮ ಮೈಸೂರಿಗೇ ಬಂದರು. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ಸೇರಿ, 1930ರ ಜನವರಿಯಲ್ಲಿ ಅಲ್ಲೇ ತೀರಿಕೊಂಡರು. ಇಷ್ಟೆಲ್ಲ ನೆನಪಾಗಿ ರಾತ್ರಿ ನಿದ್ದೆ ಬರಲಿಲ್ಲ.

ಆದರೆ ಪ್ಲೇಟು ಕೊಳಕಾಗಿತ್ತು. ಮೊದಲು ತೊಳೆಯಬೇಕು. ಇಲ್ಲೇ ನಾನು ಮಾಡಿದ ದೊಡ್ಡ ತಪ್ಪು. ಪುಣ್ಯಕ್ಕೆ ಗೋಹರ್ ಪ್ಲೇಟಿಗೆ ಕೈ ಹಾಕುವ ಮೊದಲು ಇನ್ನೊಂದರ ಮೇಲೆ ಪ್ರಯೋಗ ಮಾಡಿದೆ. ಅದು ಪಿ. ಕಾಳಿಂಗರಾಯರ ಭಾವಗೀತೆ. ಆಮೇಲಿನ ಕಾಲದ ಪ್ಲಾಸ್ಟಿಕ್ಕಿನ ಎಲ್‌ಪಿ ರೆಕಾರ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿ ರೂಢಿ ಇತ್ತು, ಅದೇ ಸ್ಪಿರಿಟ್ ಹತ್ತಿಯಲ್ಲಿ ಅದ್ದಿ ಉಜ್ಜಿದೆ. ಹತ್ತಿ ಕಪ್ಪಾಯಿತು, ಕೊಳೆ ಬರ್ತಿದೆ ಅಂತ ಖುಷಿಯಿಂದ ಇನ್ನೂ ಉಜ್ಜಿದೆ. ಅದು ಕೊಳೆಯಲ್ಲ, ಹಾಡೇ! 78ರ ಪ್ಲೇಟು ಅರಗಿನದ್ದು, ಜೊತೆಗೆ ಕಲ್ಲಿನ ಪುಡಿ, ಮಸಿ. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತೆ. ಬಡಗಿಗಳು ಅರಗನ್ನು ಸ್ಪಿರಿಟ್ಟಿನಲ್ಲೇ ಕರಗಿಸಿ ಮರಕ್ಕೆ ಪಾಲಿಶ್ ಹಚ್ಚುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ, ಆದರೂ ಹೊಳೆಯಲಿಲ್ಲ. ಎರಡು ಬೆರಳಗಲ ಜಾಗ ಮಬ್ಬಾಗಿ ಹೋಯಿತು. ಈಗಲೂ ಆ ಪ್ಲೇಟು ಹಾಕಿದರೆ ಕಾಳಿಂಗರಾಯರ ದನಿ ಸುತ್ತಿಗೊಮ್ಮೆ ಉಸ್ ಅಂತ ಮುಳುಗಿ ಏಳುತ್ತೆ.

ಈಗ ನಾನು ಮಾಡೋದು ಇಷ್ಟೇ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್, ಅದಕ್ಕೆ ಒಂದೇ ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಮೆತ್ತನೆ ಬ್ರಷ್. ಹಾಡು ಕೊರೆದ ಗೀರು ಹೋದ ದಾರಿಯಲ್ಲೇ ಸುತ್ತಿಸಿ ಉಜ್ಜಬೇಕು, ಅಡ್ಡ ಉಜ್ಜಬಾರದು. ಲೇಬಲ್ ಒದ್ದೆ ಮಾಡಬಾರದು, ನೆನೆ ಹಾಕಲೂ ಬಾರದು. ಬಟ್ಟೆಯಲ್ಲಿ ಒತ್ತಿ ನೆರಳಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಹಪ್ಪಳದ ಹಾಗೆ ಸೊಟ್ಟಗಾಗುತ್ತೆ.

ಮುಂದಿನದು ಪಿನ್ನು. ನಮ್ಮಜ್ಜನ ಕೀ ಕೊಡುವ ಗ್ರಾಮಫೋನ್ ಪೆಟ್ಟಿಗೆ ಇದೆ, ಆದರೆ ಅದರಲ್ಲಿ ನಾನು ಹಳೇ ಪ್ಲೇಟು ಹಾಕೋದಿಲ್ಲ. ಅದರ ಸ್ಟೀಲ್ ಪಿನ್ನಿನ ಮೇಲೆ ಭಾರ ಜಾಸ್ತಿ, ಒಂದು ಬದಿ ಮುಗಿಯುವಷ್ಟರಲ್ಲಿ ಪಿನ್ನು ತಾನೂ ಸವೆದು ಪ್ಲೇಟನ್ನೂ ಸವೆಸುತ್ತೆ. ಅದಕ್ಕೇ ಹಿಂದಿನವರು ಪ್ರತಿ ಬದಿಗೂ ಹೊಸ ಪಿನ್ನು ಹಾಕುತ್ತಿದ್ದರು. ನಾನು ಬಳಸೋದು 78 ವೇಗ ಇರುವ ಈಗಿನ ಟರ್ನ್‌ಟೇಬಲ್, ಜೊತೆಗೆ 78ಕ್ಕೆಂದೇ ಬರುವ ಸ್ಟೈಲಸ್, ಅಂದರೆ ಈಗಿನ ಪಿನ್ನು. ಇದರ ತುದಿ ಸುಮಾರು 75 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕೆ ಮೈಕ್ರಾನ್ ಅಂತಾರೆ), ಎಲ್‌ಪಿಯದು ಸುಮಾರು 25. ಎಲ್‌ಪಿ ಸ್ಟೈಲಸ್ ಹಾಕಿದರೆ ಅದು ಗೀರಿನ ತಳಕ್ಕೆ ಇಳಿದು ಬರೀ ಕಸ ಗೋರುತ್ತೆ, ಹಾಡು ಇರೋದು ಪಕ್ಕದ ಗೋಡೆಗಳಲ್ಲಿ. ಇನ್ನೊಂದು ಮಾತು, ಕಂಪ್ಯೂಟರಿನಲ್ಲಿ ಸ್ಟೀರಿಯೋ ಆಗಿ ತುಂಬಿಸಿಕೊಂಡು ಆಮೇಲೆ ಎಡ ಬಲ ಎರಡನ್ನೂ ಕೂಡಿಸಿ ಮೋನೋ ಮಾಡಿ. ಹಾಡು ಎಡಕ್ಕೆ ಬಲಕ್ಕೆ ಕೊರೆದದ್ದು, ಪಿನ್ನು ಮೇಲೆ ಕೆಳಗೆ ಕುಣಿಯೋದೆಲ್ಲ ಬರೀ ಸದ್ದು. ಕೂಡಿಸಿದರೆ ಆ ಸದ್ದು ತಾನಾಗಿ ಎಷ್ಟೋ ಕಮ್ಮಿಯಾಗುತ್ತೆ, ಪೈಸಾ ಖರ್ಚಿಲ್ಲದೆ.

ವೇಗದ್ದು ಬೇರೆ ಕಥೆ. 78 ಅಂತ ಕರೆದರೂ ಮೊದಮೊದಲಿನ ಪ್ಲೇಟುಗಳು 75ಕ್ಕೂ ಇರುತ್ತವೆ, 80ಕ್ಕೂ ಇರುತ್ತವೆ. 75ರಲ್ಲಿ ಹಾಡಿದ್ದನ್ನು 78ರಲ್ಲಿ ತಿರುಗಿಸಿದರೆ ಶ್ರುತಿ ಹಾರ್ಮೋನಿಯಂನ ಅರ್ಧ ಮನೆಗಿಂತ ಜಾಸ್ತಿ ಏರಿ, ತುಂಬಿದ ದನಿಯ ಹೆಂಗಸು ಹುಡುಗಿಯ ಹಾಗೆ ಕೇಳುತ್ತಾಳೆ. ನನ್ನ ಯಂತ್ರದ ವೇಗ ಸರಿ ಇದೆಯಾ ಅಂತ ನೋಡಲು 77 ಗೆರೆಯ ಕಾಗದದ ಚಕ್ರ ಇಟ್ಟು ಹಳೇ ಚೋಕಿನ ಟ್ಯೂಬ್‌ಲೈಟ್ ಕೆಳಗೆ ತಿರುಗಿಸುತ್ತೇನೆ. ನಮ್ಮ ಕರೆಂಟಿಗೆ ಆ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತೆ, ಗೆರೆ ನಿಂತ ಹಾಗೆ ಕಂಡರೆ ವೇಗ 77.92 ಅಂತ ಅರ್ಥ. ಇದು ಯಂತ್ರದ ಲೆಕ್ಕ. ಪ್ಲೇಟಿನ ಲೆಕ್ಕಕ್ಕೆ ಹಾರ್ಮೋನಿಯಂ ಹಿಡಿದು ಕೂರುತ್ತೇನೆ. ಷಡ್ಜ ಎರಡು ಮನೆಗಳ ನಡುವೆ ಬಿದ್ದರೆ ಸಂಶಯ ಪಡಬೇಕು. ಆ ಕಾಲದ ಹಾರ್ಮೋನಿಯಂ ಪೆಟ್ಟಿಗೆಗಳೂ ಒಂದೊಂದು ಒಂದೊಂದು ಥರ ಇದ್ದವು ಅನ್ನೋದನ್ನೂ ಮರೆಯಬಾರದು, ಕೊನೆಗೆ ಕಿವಿಯೇ ಗತಿ.

ಸರಿ, ಗೋಹರ್ ಪ್ಲೇಟು ಹಾಕಿದೆ. ಮರಾಠಿ ರಂಗಗೀತೆ. ಇರಲಿ, ಗೌಹರ್ ಜಾನ್ ಹತ್ತಕ್ಕೂ ಹೆಚ್ಚು ಭಾಷೆಯಲ್ಲಿ ಹಾಡಿದ್ದಾರಲ್ಲ ಅಂತ ಸಮಾಧಾನ ಮಾಡಿಕೊಂಡೆ. ಮೂರು ನಿಮಿಷ ಮುಗಿಯಿತು, ಕೊನೆಯಲ್ಲಿ ಹೆಸರು ಕೂಗಲಿಲ್ಲ. ಮತ್ತೆ ಹಾಕಿದೆ. ಆಗ ಕಿವಿಗೆ ಬಿತ್ತು, ಸ ಮತ್ತು ಶ ಎಷ್ಟು ಸ್ಪಷ್ಟ! ತಬಲಾದ ಎಡಗೈಯ ಬಾಯಾಂ ಗುಂಯ್ ಅಂತ ಕೇಳ್ತಿದೆ. ಗೌಹರ್ ಜಾನ್ ಕಾಲದಲ್ಲಿ ಮೈಕೇ ಇರಲಿಲ್ಲ. ತಗಡಿನ ಹಾರ್ನಿನೊಳಗೆ ಮುಖ ಇಟ್ಟು ಕೂಗಿ ಹಾಡಬೇಕಿತ್ತು, ಆ ಪ್ಲೇಟುಗಳಲ್ಲಿ ಸಕಾರ ಎಲ್ಲ ಫ್‍ಫ್ ಅಂತ ಸತ್ತು ಹೋಗಿರುತ್ತೆ. ಮೈಕಿನ ಮುದ್ರಣ ಶುರುವಾಗಿದ್ದೇ 1925ರಲ್ಲಿ. ನನ್ನ ಗೋಹರ್ ಬೇರೆ.

ಲೇಬಲ್ ಪಕ್ಕ ಕೊರೆದ ನಂಬರನ್ನು ಟಾರ್ಚ್ ಓರೆ ಹಿಡಿದು ಓದಿ, ಪುಣೆಯ ಸಂಗ್ರಾಹಕರೊಬ್ಬರಿಗೆ ಕಳಿಸಿದೆ. ಉತ್ತರ ಹತ್ತು ನಿಮಿಷದಲ್ಲಿ ಬಂತು. ಗೋಹರಬಾಯಿ ಕರ್ನಾಟಕಿ. ಅಯ್ಯೋ, ನಮ್ಮ ಬೀಳಗಿಯವರು! ಮರಾಠಿ ರಂಗಭೂಮಿಯ ಬಾಲಗಂಧರ್ವರ ನಾಟಕ ಮಂಡಳಿ ಸೇರಿ ಅವರ ಜೊತೆ ರಂಗದ ಮೇಲೆ ಹಾಡಿದ ಹೆಂಗಸು. 1943ರ 'ಕಿಸ್ಮತ್' ಚಿತ್ರಕ್ಕೆ ಹಾಡಿ ದೇಶಕ್ಕೆಲ್ಲ ಗೊತ್ತಾದ ಅಮೀರ್‌ಬಾಯಿ ಕರ್ನಾಟಕಿ ಇವರ ಅಕ್ಕತಂಗಿಯರಲ್ಲೇ ಒಬ್ಬರು. ನೂರು ಚಿಲ್ಲರೆ ಕಿಲೋಮೀಟರ್ ದೂರದ ಊರಿನವರ ಹಾಡು ಕೈಲಿಟ್ಟುಕೊಂಡು ಕಲ್ಕತ್ತಾ ಕನಸು ಕಾಣುತ್ತಿದ್ದೆ. ಮೊದಲು ಸ್ವಲ್ಪ ಪೆಚ್ಚಾದೆ, ಸುಳ್ಳು ಯಾಕೆ ಹೇಳಲಿ. ನಾಲ್ಕನೇ ಸಲ ಕೇಳುವಾಗ ಪೆಚ್ಚು ಹೋಗಿತ್ತು.

ಆಮೇಲೆ ಆಡಾಸಿಟಿ ಅನ್ನುವ ಕಂಪ್ಯೂಟರ್ ಸಾಫ್ಟ್‌ವೇರಿನಲ್ಲಿ ಸದ್ದು ತೆಗೆಯಲು ಕೂತೆ. ಇಲ್ಲಿ ಕೈ ಬಿಗಿ ಹಿಡಿಯಬೇಕು. ಟಕ್ ಟಕ್ ಅನ್ನೋದನ್ನು ಒಂದೊಂದಾಗಿ ತೆಗೆಯಿರಿ, ಸುಸ್ ಅನ್ನೋದಕ್ಕೆ ಸುಮ್ನೆ ಕೈ ಹಾಕಬೇಡಿ. ನಾನು ಮೊದಲ ಸಲ ಅದನ್ನು ಪೂರ್ತಿ ಒರೆಸಿಬಿಟ್ಟೆ. ಗೋಹರಬಾಯಿ ನೀರಿನೊಳಗೆ ಕೂತು ಹಾಡಿದ ಹಾಗಾಯಿತು. ತಾನಿನ ಮಧ್ಯೆ ಅವರು ಉಸಿರು ಎಳೆದುಕೊಳ್ಳುವುದೂ ಹೋಯಿತು. ಎಲ್ಲ ಅಳಿಸಿ ಮತ್ತೆ ಶುರು ಮಾಡಿದೆ. ಅದಕ್ಕೇ ಈಗ ಮೂಲ ಫೈಲನ್ನು 24 ಬಿಟ್‌ನಲ್ಲಿ, ಅಂದರೆ ಒಳ್ಳೆ ಗುಣಮಟ್ಟದಲ್ಲಿ, ಬೇರೆ ಇಟ್ಟುಬಿಡುತ್ತೇನೆ, ಅದನ್ನು ಮುಟ್ಟೋದೇ ಇಲ್ಲ.

ಈಗ ಹುಡುಕುತ್ತಿರೋದು ಗಾಂಧಾರಿ ಅನ್ನುವ ಹೆಸರಿನ ಪ್ಲೇಟು. ಗಂಗೂಬಾಯಿ ಹಾನಗಲ್ ಅವರ ಮೊದಮೊದಲ ಪ್ಲೇಟುಗಳ ಮೇಲೆ ಇದ್ದದ್ದು ಅದೇ ಹೆಸರು. ದನಿಯೂ ನಮಗೆ ಗೊತ್ತಿರುವ ಗಡಸು ದನಿಯಲ್ಲ, ತೆಳ್ಳಗೆ, ಏರು ಶ್ರುತಿ. ಗಂಟಲಿನ ಚಿಕಿತ್ಸೆಯಾಗಿ ದನಿ ಬದಲಾಗಿದ್ದು ಆಮೇಲೆ. ಹಾಗಾಗಿ ಲೇಬಲ್ ಹೋಗಿದ್ದರೆ ಕೇಳಿದರೂ ಗುರುತು ಸಿಗೋದು ಕಷ್ಟ.

ಮೊನ್ನೆ ಗುಜರಿಯವರೇ ಫೋನ್ ಮಾಡಿದ್ದರು. "ಸರ, ಮತ್ತ ಆರು ಪ್ಲೇಟ್ ಬಂದಾವ್ರಿ. ಹೆಸರು ಮಾಸ್ಯಾವು. ಸ್ವಲ್ಪ ಸ್ಪಿರಿಟ್ ಹಚ್ಚಿ ಒರಸ್ಲೇನ್ರಿ?"

"ಮುಟ್ಟಬ್ಯಾಡ್ರಿ, ಬಂದೆ" ಅಂತ ಗಾಡಿ ತೆಗೆದೆ.