ವೈಟ್ ಓಕ್ ನೆಲ ಹಾಕಿಸ್ತೀರಾ? ಬಣ್ಣ ಆಮೇಲೆ ನೋಡಿ, ಮೊದಲು ತೇವ ನೋಡಿ

ಮಲಗುವ ಕೋಣೆಗಾದರೂ ಮರದ ನೆಲ ಇರಲಿ ಎಂದು ಆಸೆಪಡುವವರು ಮೈಸೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರಲ್ಲಿ ಹಲವರ ಕಣ್ಣು ವೈಟ್ ಓಕ್ ಮೇಲೆ. ತಿಳಿ ಕಂದು ಬಣ್ಣ, ಉದ್ದುದ್ದ ಗೆರೆ, ಕೋಣೆಗೆ ಬೆಳಕು ಜಾಸ್ತಿ ಆದಂತೆ ಕಾಣುತ್ತದೆ. ಚೆಂದವೇ, ಅನುಮಾನ ಇಲ್ಲ. ಆದರೆ ಇದು ಉತ್ತರ ಅಮೆರಿಕದ ಪೂರ್ವ ಭಾಗದ ಕಾಡಿನ ಮರ. ನಮ್ಮ ಮಾರ್ಚಿನ ಒಣ ಬಿಸಿಲು, ಜುಲೈನ ಥಂಡಿ ಎರಡಕ್ಕೂ ಅದು ಹೊಂದಿಕೊಳ್ಳಬೇಕು. ಅದಕ್ಕೇ ಅಂಗಡಿಗೆ ಹೋಗುವ ಮೊದಲು ನಿಮ್ಮ ಮನೆಯ ನೆಲವನ್ನೇ ಪರೀಕ್ಷೆ ಮಾಡಿಕೊಳ್ಳಿ.

ಯಾವ ಕೋಣೆಗೆ?

ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆ ತಗೊಳ್ಳಿ. ಕಾಂಕ್ರೀಟ್ ನೆಲದ ಮೇಲೆ ಹಾಸಿ, ನಾಲ್ಕೂ ಅಂಚಿಗೆ ಗಾಳಿ ಆಡದ ಹಾಗೆ ಟೇಪ್ ಅಂಟಿಸಿ. ಒಂದು ಹಗಲು, ಒಂದು ರಾತ್ರಿ ಬಿಟ್ಟು ಎತ್ತಿ ನೋಡಿ. ಅಡಿಯಲ್ಲಿ ನೀರಿನ ಹನಿ ಇದ್ದರೆ, ಅಥವಾ ಆ ಜಾಗ ಸುತ್ತಲಿಗಿಂತ ಕಪ್ಪಾಗಿದ್ದರೆ, ನೆಲ ಇನ್ನೂ ತೇವ ಬಿಡುತ್ತಿದೆ ಎಂದರ್ಥ. ಅದರ ಮೇಲೆ ಮರ ಹಾಕಿಸಬೇಡಿ.

ಹೊಸ ಮನೆಯಾದರೆ ಆತುರ ಬೇಡವೇ ಬೇಡ. 28 ದಿನ ಕ್ಯೂರಿಂಗ್ ಮುಗಿದರೆ ಕಾಂಕ್ರೀಟ್ ಗಟ್ಟಿಯಾಗಿರುತ್ತದೆ, ಒಣಗಿರುವುದಿಲ್ಲ. ಒಂದು ಇಂಚು ದಪ್ಪಕ್ಕೆ ಹೆಚ್ಚುಕಡಿಮೆ ಒಂದು ತಿಂಗಳು ಎನ್ನುವುದು ಕೆಲಸದವರು ಇಟ್ಟುಕೊಳ್ಳುವ ಲೆಕ್ಕ. ಮಂಡ್ಯದ ನಾಲೆ ಬಯಲಿನಲ್ಲಿ, ಗದ್ದೆ ಪಕ್ಕದಲ್ಲಿ ಮನೆ ಇದ್ದರೆ ನೆಲಮಹಡಿಗೆ ಮರದ ಯೋಚನೆ ಬಿಟ್ಟು ಮೇಲಿನ ಮಹಡಿಗೆ ಹಾಕಿಸಿ. ಅಡುಗೆಮನೆ, ಬಚ್ಚಲಿನ ಪಕ್ಕ, ದೇವರಮನೆ ಮೂರಕ್ಕೂ ಬೇಡ.

ಇನ್ನೊಂದು ಮಾತು. ಚಾಮರಾಜಪುರಂ, ಸರಸ್ವತಿಪುರಂ ಕಡೆಯ ಹಳೇ ಮನೆಗಳಲ್ಲಿ ಕೈಯಲ್ಲಿ ತಿಕ್ಕಿ ಮಿರುಗಿಸಿದ ರೆಡ್ ಆಕ್ಸೈಡ್ ನೆಲ ಇನ್ನೂ ಉಳಿದಿದೆ. ಅಂಥ ನೆಲ ನಿಮ್ಮದಾದರೆ ದಯವಿಟ್ಟು ಅದನ್ನು ಒಡೆದು ಓಕ್ ಹಾಕಿಸಬೇಡಿ. ಅಂಥ ನೆಲ ಮಾಡುವ ಕೈಗಳು ಈಗ ಸುಲಭಕ್ಕೆ ಸಿಗುವುದಿಲ್ಲ.

ತೇಗದ ಲೆಕ್ಕ ಇಲ್ಲಿ ನಡೆಯುವುದಿಲ್ಲ

ನಮ್ಮ ಆಚಾರಿಗಳ ಕೈ ಪಳಗಿರುವುದು ತೇಗದಲ್ಲಿ. ವೈಟ್ ಓಕ್ ತೇಗಕ್ಕಿಂತ ಗಟ್ಟಿ. ಜಾಂಕಾ ಎಂಬ ಗಡಸುತನದ ಅಳತೆಯಲ್ಲಿ ಇದಕ್ಕೆ ಸುಮಾರು 1,360, ತೇಗಕ್ಕೆ ಸುಮಾರು 1,070. ಅಂಗಡಿಯಲ್ಲಿ ಹೇಳುವುದು ಇಷ್ಟನ್ನೇ. ನನ್ನ ಪ್ರಕಾರ ಮುಖ್ಯವಾದದ್ದು ಬೇರೆ ಇದೆ. ಹಸಿ ಮರ ಪೂರ್ತಿ ಒಣಗುವಾಗ ತೇಗ ಅಗಲದಲ್ಲಿ ಹೆಚ್ಚೆಂದರೆ ಶೇ 6ರಷ್ಟು ಕುಗ್ಗುತ್ತದೆ. ವೈಟ್ ಓಕ್ ಶೇ 10ಕ್ಕೂ ಜಾಸ್ತಿ. ಒಣಗಿಸಿ ಹಲಗೆ ಮಾಡಿದ ಮೇಲೂ ಈ ಗುಣ ಹೋಗುವುದಿಲ್ಲ. 5 ಇಂಚು ಅಗಲದ ಸಾದಾ ಕೊಯ್ತದ ಹಲಗೆ ತೇವಾಂಶದಲ್ಲಿ ಶೇ 4ರಷ್ಟು ಏರಿದರೆ ಸುಮಾರು 2 ಮಿಲಿಮೀಟರ್ ಹಿಗ್ಗುತ್ತದೆ. 10 ಅಡಿ ಕೋಣೆಯಲ್ಲಿ ಅಂಥ 24 ಹಲಗೆ ಕೂರುತ್ತವೆ. ಲೆಕ್ಕ ಹಾಕಿ ನೋಡಿ, ಮಳೆಗಾಲದಲ್ಲಿ ನೆಲ ಉಬ್ಬುವುದು ಯಾಕೆ ಅಂತ ಗೊತ್ತಾಗುತ್ತದೆ.

ಹಾಗಾಗಿ ನಮ್ಮ ಊರಿಗೆ ಎಂಜಿನಿಯರ್ಡ್ ಹಲಗೆಯೇ ಸರಿ. ಮೇಲೆ ಓಕ್ ಪದರ, ಕೆಳಗೆ ಅಡ್ಡಡ್ಡ ಅಂಟಿಸಿದ ಪ್ಲೈವುಡ್. ಒಂದು ಪದರ ಇನ್ನೊಂದನ್ನು ಹಿಡಿದಿಡುತ್ತದೆ. ಮೇಲಿನ ಓಕ್ ಎಷ್ಟು ದಪ್ಪ ಎಂದು ಕೇಳುವುದನ್ನು ಮಾತ್ರ ಮರೆಯಬೇಡಿ. 4 ಮಿ.ಮೀ. ಇದ್ದರೆ ಮುಂದೆ ಒಂದೆರಡು ಸಲ ಉಜ್ಜಿ ಹೊಸದು ಮಾಡಿಸಬಹುದು. ಒಂದು ಮಿಲಿಮೀಟರ್‌ಗೂ ಕಡಿಮೆ ಇದ್ದರೆ ಉಜ್ಜಲು ಏನೂ ಉಳಿದಿರುವುದಿಲ್ಲ. ಘನ ಮರವೇ ಬೇಕು ಎನ್ನುವವರು ಕ್ವಾರ್ಟರ್ ಸಾನ್ ಹಲಗೆ ಕೇಳಿ, ಅಂದರೆ ದಿಮ್ಮಿಯ ಉಂಗುರಗಳು ಹಲಗೆಯ ಮುಖಕ್ಕೆ ನೆಟ್ಟಗೆ ನಿಲ್ಲುವಂತೆ ಕೊಯ್ದದ್ದು. ಬೆಲೆ ಜಾಸ್ತಿ, ಆದರೆ ಹಿಗ್ಗುವಿಕೆ ಹೆಚ್ಚುಕಡಿಮೆ ಅರ್ಧ. ತುಂಬಾ ಅಗಲದ ಹಲಗೆ ಬೇಡ.

ಅದು ನಿಜವಾಗಿಯೂ ವೈಟ್ ಓಕ್ ತಾನೇ?

'ಓಕ್ ಫಿನಿಶ್' ಎಂದರೆ ಓಕ್ ಅಲ್ಲ. ಲ್ಯಾಮಿನೇಟ್‌ನಲ್ಲಿ ಅದು ಮರದ ಚಿತ್ರ ಅಚ್ಚು ಹಾಕಿದ ಕಾಗದ, ವಿನೈಲ್‌ನಲ್ಲಿ ಅಚ್ಚು ಹಾಕಿದ ಪ್ಲಾಸ್ಟಿಕ್ ಪದರ. ಐದಾರು ಹಲಗೆ ಪಕ್ಕಪಕ್ಕ ಇಡಿಸಿ ನೋಡಿ. ಒಂದೇ ಗಂಟು ಒಂದೇ ಥರ ಎರಡು ಕಡೆ ಕಂಡರೆ ಅದು ಚಿತ್ರ.

ರೆಡ್ ಓಕನ್ನು ವೈಟ್ ಓಕ್ ಎಂದು ಕೊಟ್ಟರೆ? ಬಣ್ಣ ಹಾಕಿದ ಮೇಲೆ ಗುರುತಿಸುವುದು ಕಷ್ಟ. ಹಲಗೆ ಮೇಲೆ ಉದ್ದಕ್ಕೆ ಸಣ್ಣ ಸಣ್ಣ ಕಪ್ಪು ಗೀಟುಗಳು ಇರುತ್ತವೆ. ವೈಟ್ ಓಕ್‌ನಲ್ಲಿ ಎಷ್ಟೋ ಗೀಟು ಮುಕ್ಕಾಲು ಇಂಚಿಗಿಂತ ಉದ್ದ. ರೆಡ್ ಓಕ್‌ನಲ್ಲಿ ಸಾಮಾನ್ಯವಾಗಿ ಅರ್ಧ ಇಂಚು ದಾಟುವುದಿಲ್ಲ. ಘನ ಮರದ ಎರಡಿಂಚು ತುಂಡು ಸಿಕ್ಕರೆ ಇನ್ನೂ ಸುಲಭ. ಒಂದು ತುದಿಯನ್ನು ನೀರಿನ ಲೋಟದಲ್ಲಿ ಅದ್ದಿ, ಇನ್ನೊಂದು ತುದಿಗೆ ಬಾಯಿಟ್ಟು ಜೋರಾಗಿ ಊದಿ. ರೆಡ್ ಓಕ್ ಆದರೆ ನೀರಿನಲ್ಲಿ ಗುಳ್ಳೆ ಏಳುತ್ತದೆ. ವೈಟ್ ಓಕ್‌ನ ತಿರುಳಿನ ಕೊಳವೆಗಳು ಟೈಲೋಸಿಸ್ ಎಂಬ ಪೊರೆಯಿಂದ ಮುಚ್ಚಿಕೊಂಡಿರುವುದರಿಂದ ಗಾಳಿ ಹೋಗುವುದಿಲ್ಲ. ವೈನ್, ವಿಸ್ಕಿ ಪೀಪಾಯಿಗೆ ಈ ಮರ ಬಳಸುವುದಕ್ಕೂ ಇದು ಕಾರಣ. ಹಾಗಂತ ನೆಲ ವಾಟರ್‌ಪ್ರೂಫ್ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹಲಗೆಗಳ ಸಂದಿಯಲ್ಲಿ ನೀರು ಇಳಿದೇ ಇಳಿಯುತ್ತದೆ.

ಪಾಲಿಶ್ ಯಾವುದು?

ಪಾಲಿಯುರೆಥೇನ್ ಲೇಪ ಗಟ್ಟಿ, ಒರೆಸಲು ಸುಲಭ. ಗೀಚಿದರೆ ಮಾತ್ರ ಆ ಜಾಗವನ್ನಷ್ಟೇ ಸರಿಮಾಡಲು ಬರುವುದಿಲ್ಲ. ಎಣ್ಣೆ, ಮೇಣ ಬೆರೆತ ಹಾರ್ಡ್‌ವ್ಯಾಕ್ಸ್ ಆಯಿಲ್‌ನಲ್ಲಿ ಮರ ಮರದ ಹಾಗೇ ಕಾಣುತ್ತದೆ, ಗೀಚಿದಲ್ಲಿ ಸ್ವಲ್ಪ ಉಜ್ಜಿ ಮತ್ತೆ ಎಣ್ಣೆ ಹಚ್ಚಿದರೆ ಸಾಕು. ಆದರೆ ಆಗಾಗ ಎಣ್ಣೆ ಕೊಡುತ್ತಿರಬೇಕು. ಮಕ್ಕಳಿರುವ ಮನೆಗೆ ಮೊದಲನೆಯದೇ ವಾಸಿ.

ಓಕ್‌ನಲ್ಲಿ ಟ್ಯಾನಿನ್ ಎಂಬ ಒಗರು ಅಂಶ ಜಾಸ್ತಿ. ಕಬ್ಬಿಣ, ನೀರು ಎರಡೂ ಸೇರಿ ತಾಗಿದರೆ ನೀಲಿಗಪ್ಪು ಕಲೆ ಬೀಳುತ್ತದೆ. ಕಬ್ಬಿಣದ ಬೀರು, ಟ್ರಂಕು, ಹೂಕುಂಡದ ಸ್ಟ್ಯಾಂಡು ಇವುಗಳ ಕಾಲಿಗೆ ರಬ್ಬರ್ ಅಥವಾ ಫೆಲ್ಟ್ ಹಾಕಿ. ಲೇಪ ಸವೆದ ಕಡೆ ಎಲೆ ಅಡಿಕೆಯ ಸುಣ್ಣ ಬಿದ್ದರೂ ಮರ ಕಪ್ಪಾಗುತ್ತದೆ. ರಂಗೋಲಿ ಪುಡಿ ಕಲ್ಲಿನ ಪುಡಿ ತಾನೇ, ಕಾಲಿಗೆ ಅಂಟಿ ಒಳಗೆ ಬಂದರೆ ಪಾಲಿಶ್ ಗೀಚುತ್ತದೆ. ಹೊಸ್ತಿಲ ಒಳಗೊಂದು ಕಾಲೊರಸು ಇರಲಿ. ಬಕೆಟ್ ನೀರಿಗೆ ಫಿನಾಯಿಲ್ ಹಾಕಿ ಒರೆಸುವುದು ಈ ನೆಲಕ್ಕೆ ಆಗುವುದಿಲ್ಲ. ಮನೆಗೆಲಸಕ್ಕೆ ಬರುವವರಿಗೆ ಮೊದಲ ದಿನವೇ ಬಟ್ಟೆಯನ್ನು ಚೆನ್ನಾಗಿ ಹಿಂಡಿ ತೋರಿಸಿಕೊಡಿ.

ಹಾಕಿಸುವಾಗ

ಹಲಗೆ ಮನೆಗೆ ಬಂದ ಮೇಲೆ ಕೆಲವು ದಿನ ಅದೇ ಕೋಣೆಯಲ್ಲಿ ಮಲಗಿಸಿಡಿ. ಎಷ್ಟು ದಿನ ಎನ್ನುವುದು ಕಂಪನಿಯ ಸೂಚನೆಯಲ್ಲಿ ಇರುತ್ತದೆ. ತೇವಾಂಶ ಅಳೆಯುವ ಮೀಟರ್ ಇಲ್ಲದ ಕೆಲಸಗಾರರಿಗೆ ಕೆಲಸ ಕೊಡಬೇಡಿ. ಗೋಡೆಯ ಸುತ್ತ 10ರಿಂದ 12 ಮಿ.ಮೀ. ಸಂದು ಬಿಡಲೇಬೇಕು, ಸ್ಕರ್ಟಿಂಗ್ ಅದನ್ನು ಮುಚ್ಚುತ್ತದೆ. ಹಳೇ ಟೈಲ್ಸ್ ಮೇಲೆಯೇ ಹಾಕಿಸುವುದಾದರೆ ಹಲಗೆ, ಅದರಡಿ ಹಾಸುವ ಫೋಮ್ ಸೇರಿ ನೆಲ ಮುಕ್ಕಾಲು ಇಂಚಿನಷ್ಟು ಏರಬಹುದು. ಬಾಗಿಲ ತಳ ಕೊಯ್ಯಿಸಬೇಕೇ ಎಂದು ಮುಂಚೆಯೇ ನೋಡಿ. ಗೆದ್ದಲಿನ ಔಷಧಿಯೂ ಮರ ಬರುವ ಮೊದಲೇ ಆಗಲಿ, ಓಕ್ ಅಂದರೆ ಗೆದ್ದಲಿಗೆ ಲೆಕ್ಕವಿಲ್ಲ.

ಅಳತೆಗಿಂತ ಶೇ 10ರಷ್ಟು ಜಾಸ್ತಿ ತರಿಸಿ. ಉಳಿದ ಹಲಗೆಗಳನ್ನು ಬಿಲ್ಲು, ಬ್ಯಾಚ್ ನಂಬರಿನ ಜೊತೆ ಅಟ್ಟದ ಮೇಲೆ ಒಣ ಜಾಗದಲ್ಲಿಡಿ. ನಾಲ್ಕು ವರ್ಷ ಬಿಟ್ಟು ಒಂದು ಹಲಗೆ ಬದಲಿಸಬೇಕಾದರೆ ಅದೇ ಬಣ್ಣ, ಅದೇ ಅಳತೆ ಅಂಗಡಿಯಲ್ಲಿ ಸಿಗುವ ಖಾತರಿ ಇಲ್ಲ.