ಇಳಿಯುವ ಲಿಫ್ಟನ್ನು ನಾನೇ ಬಿಚ್ಚಿ ಸರಿಮಾಡಿದ್ದು

ಮೇ ತಿಂಗಳ ಕೊನೆ. ಬನವಾಸಿ ಕಡೆಯ ನಮ್ಮ ಗದ್ದೆಗೆ ಎರಡು ಮಳೆ ಬಿದ್ದು ಮಣ್ಣು ಹದಕ್ಕೆ ಬಂದಿತ್ತು. ಕೂರಿಗೆಯಲ್ಲಿ ಭತ್ತ ಬಿತ್ತುವವರಿಗೆ ಆ ಹದ ಎಷ್ಟು ದಿನದ್ದು ಎಂಬುದು ಗೊತ್ತು. ಟ್ರ್ಯಾಕ್ಟರಿನ ಹಿಂದಿನ ಲಿಫ್ಟಿನಲ್ಲಿ ರೋಟವೇಟರನ್ನು, ಅಂದರೆ ಮಣ್ಣು ಪುಡಿಮಾಡುವ ಯಂತ್ರವನ್ನು, ಪೂರ್ತಿ ಎತ್ತಿ, ಎಂಜಿನ್ ಆರಿಸಿ ಊಟಕ್ಕೆ ಹೋದೆ. ಮರಳಿ ಬರುವಷ್ಟರಲ್ಲಿ ಅದು ನೆಲಕ್ಕೆ ಕೂತಿತ್ತು. ಎಂಜಿನ್ ಚಾಲೂ ಮಾಡಿ ಎತ್ತಿದರೆ ಸಲೀಸಾಗಿ ಎದ್ದಿತು, ಆದರೆ ನಿಂತಲ್ಲಿ ನಿಲ್ಲಲಿಲ್ಲ. ಬೆರಳಷ್ಟು ಇಳಿಯುವುದು, ತಟ್ಟನೆ ಮೇಲೇಳುವುದು, ಮತ್ತೆ ಇಳಿಯುವುದು. ತೂಕಡಿಸುವವರ ತಲೆಯ ಹಾಗೆ.

ನೋಡಲು ಬಂದ ಮೆಕ್ಯಾನಿಕ್ ಐದು ನಿಮಿಷದಲ್ಲಿ ಪಂಪ್ ಹೋಗಿದೆ, ಹೊಸದು ಹಾಕಬೇಕು ಎಂದರು. ನನಗೆ ಒಪ್ಪಿಗೆಯಾಗಲಿಲ್ಲ. ಪಂಪಿನ ಕೆಲಸ ಎಣ್ಣೆಯನ್ನು ಸಿಲಿಂಡರಿಗೆ ದೂಡಿ ಭಾರ ಎತ್ತುವುದು. ಎತ್ತಿದ ಮೇಲೆ ಎಣ್ಣೆ ಹಿಂದಕ್ಕೆ ಬರದಂತೆ ತಡೆಯುವುದು ವಾಲ್ವ್ ಮತ್ತು ಪಿಸ್ಟನ್ನಿನ ಸೀಲು. ಪಂಪ್ ಸವೆದಿದ್ದರೆ ಲಿಫ್ಟ್ ನಿಧಾನವಾಗಿ ಏಳಬೇಕಿತ್ತು, ಇಲ್ಲವೇ ಭಾರಕ್ಕೆ ಏಳಲೇಬಾರದಿತ್ತು. ನಮ್ಮದು 24 ಎಚ್‌ಪಿಯ ಸಣ್ಣ ಟ್ರ್ಯಾಕ್ಟರ್, ನಾಲ್ಕು ಅಡಿಯ ರೋಟವೇಟರನ್ನು ಮೊದಲಿನಷ್ಟೇ ಬೇಗ ಎತ್ತುತ್ತಿತ್ತು. ಆ ತೂಕಡಿಕೆಗೂ ಅರ್ಥವಿದೆ. ಲಿಫ್ಟಿನ ತೋಳು ಇಳಿದದ್ದನ್ನು ಒಳಗಿನ ಸರಳು ವಾಲ್ವಿಗೆ ತಿಳಿಸುತ್ತದೆ, ವಾಲ್ವ್ ಮತ್ತೆ ಎಣ್ಣೆ ಬಿಡುತ್ತದೆ. ಸೋರಿಕೆ ಇದೆ ಎಂದು ಯಂತ್ರವೇ ಹೇಳುತ್ತಿತ್ತು.

ಸೋರಿಕೆ ಎಲ್ಲಿ? ಹೊರಗೆ ಒಂದು ಹನಿಯೂ ಇರಲಿಲ್ಲ. ಒಳಗೆ ಸೋರಿದ ಎಣ್ಣೆ ಗೇರ್ ಪೆಟ್ಟಿಗೆಗೇ ಬೀಳುತ್ತದೆ. ನಮ್ಮ ಟ್ರ್ಯಾಕ್ಟರಿನ ಸೀಟಿನ ಕೆಳಗೆ, ಮುಂಬದಿಗೆ, ಇಳಿಯುವ ವೇಗ ಹೊಂದಿಸುವ ಒಂದು ತಿರುಪು ಇದೆ. ಅದನ್ನು ಪೂರ್ತಿ ಬಿಗಿದರೆ ಸಿಲಿಂಡರಿನಿಂದ ವಾಲ್ವಿಗೆ ಎಣ್ಣೆ ಮರಳುವ ದಾರಿಯೇ ಬಂದ್. ರೋಟವೇಟರ್ ಎತ್ತಿ, ತಿರುಪು ಬಿಗಿದು, ಎಂಜಿನ್ ಆರಿಸಿ, ಪಕ್ಕದಲ್ಲಿ ಒಂದು ಗೂಟ ನೆಟ್ಟು ಅದರ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಭಾರ ಅಲ್ಲೇ ನಿಂತಿದ್ದರೆ ದೋಷ ವಾಲ್ವಿನದು. ಅದು ನಿಲ್ಲಲಿಲ್ಲ, ಹತ್ತು ನಿಮಿಷದಲ್ಲಿ ಮೊದಲಿನಷ್ಟೇ ಇಳಿಯಿತು. ಅಲ್ಲಿಗೆ ಉಳಿದದ್ದು ಪಿಸ್ಟನ್ ಸೀಲು, ಅಥವಾ ಸಿಲಿಂಡರಿನ ಮೇಲಿರುವ ಸೇಫ್ಟಿ ವಾಲ್ವ್. ಬಿಚ್ಚುವ ಮೊದಲು ಈ ಪರೀಕ್ಷೆಯನ್ನು ದಯವಿಟ್ಟು ಮಾಡಿ. ಪಾನಾ ಕೂಡ ಬೇಕಿಲ್ಲ.

ರೋಟವೇಟರ್ ಕಳಚಿ, ತೋಳುಗಳನ್ನು ಪೂರ್ತಿ ಇಳಿಸಿ, ಎಣ್ಣೆ ಬಸಿದೆ. ತುಸು ಹಾಲಿನ ಬಣ್ಣಕ್ಕೆ ತಿರುಗಿತ್ತು, ನೀರು ಸೇರಿದ ಗುರುತು. ಹಾಗಾಗಿ ಅದನ್ನು ಮರಳಿ ಹಾಕಲಿಲ್ಲ. ಸೀಟು ತೆಗೆದು, ಲಿಫ್ಟ್ ಕವರಿನ ಬೋಲ್ಟುಗಳನ್ನು ಬಿಚ್ಚಿ, ಅಡಿಕೆ ಅಟ್ಟದ ತೊಲೆಗೆ ಚೈನ್ ಪುಲ್ಲಿ ಕಟ್ಟಿ ಕವರನ್ನು ನೇರವಾಗಿ ಮೇಲೆತ್ತಿದೆವು. ಒಬ್ಬರೇ ಮಾಡುವ ಕೆಲಸ ಇದಲ್ಲ, ತಮ್ಮ ಜೊತೆಗಿದ್ದ. ಸರಳುಗಳು ಎಲ್ಲೆಲ್ಲಿ ಕೂತಿವೆ ಎಂದು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಂಡೆ.

ಸಿಲಿಂಡರನ್ನು ಕವರಿನಿಂದ ಬೇರ್ಪಡಿಸಿ, ಬಾಯಿಗೆ ಗೋಣಿಚೀಲ ಸುತ್ತಿ ಮರದ ತುಂಡಿನ ಎದುರು ಇಟ್ಟು, ಎಣ್ಣೆಯ ರಂಧ್ರದಿಂದ ಕಾಲುಪಂಪಿನಲ್ಲಿ ಮೆಲ್ಲಗೆ ಗಾಳಿ ತುಂಬಿದೆ. ಪಿಸ್ಟನ್ ಹೊರಬಂತು. ಕಂಪ್ರೆಸರ್ ಹಚ್ಚಿದರೆ ಅದು ಗುಂಡಿನಂತೆ ಹಾರಬಹುದು, ಎದುರು ಕೈ ಇಡಬಾರದು.

ಪಿಸ್ಟನ್ನಿನ ಸುತ್ತಲಿನ ತೋಡಿನಲ್ಲಿ ಎರಡು ಉಂಗುರಗಳಿದ್ದವು, ಇವೇ ಆ ಸೀಲು. ಒಂದು ಕಪ್ಪು ರಬ್ಬರಿನ ಓ-ರಿಂಗ್, ಇನ್ನೊಂದು ಬಿಳಿಯ ಟೆಫ್ಲಾನ್ ಬ್ಯಾಕಪ್ ರಿಂಗ್. ಓ-ರಿಂಗಿನ ಒಂದು ಅಂಚು ಇಲಿ ಕಡಿದಂತೆ ಹಲ್ಲುಹಲ್ಲಾಗಿತ್ತು. ಕಾರಣ ಅಲ್ಲೇ ಇತ್ತು. ಹಿಂದೆಂದೋ ಬಿಚ್ಚಿದವರು ಉಂಗುರಗಳನ್ನು ಅದಲುಬದಲು ಮಾಡಿ ಕೂರಿಸಿದ್ದರು. ಎಣ್ಣೆಯ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ 150 ಕೆ.ಜಿ.ಯ ಆಸುಪಾಸಿಗೆ ಹೋಗುತ್ತದೆ. ಅಷ್ಟು ಒತ್ತಡಕ್ಕೆ ರಬ್ಬರು ಪಿಸ್ಟನ್ನಿಗೂ ಸಿಲಿಂಡರಿಗೂ ನಡುವಿನ ಕೂದಲೆಳೆಯ ಸಂದಿಗೆ ನುಗ್ಗುತ್ತದೆ. ನುಗ್ಗಿದ್ದು ಚೂರುಚೂರಾಗಿ ಕತ್ತರಿಸಿಹೋಗುತ್ತದೆ. ಆ ಸಂದಿಯನ್ನು ಮುಚ್ಚುವುದೇ ಬಿಳಿ ಉಂಗುರದ ಕೆಲಸ. ಆದ್ದರಿಂದ ಎಣ್ಣೆ ಒತ್ತುವ ಬದಿಗೆ ಓ-ರಿಂಗ್, ಅದರ ಬೆನ್ನಿಗೆ ಬ್ಯಾಕಪ್ ರಿಂಗ್. ಇದೊಂದು ಕ್ರಮ ತಪ್ಪಿದ್ದಕ್ಕೆ ನನಗೆ ಹೊಸ ಪಂಪಿನ ಖರ್ಚು ಬೀಳುವುದಿತ್ತು. ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಸಿಲಿಂಡರಿನ ಒಳಗೋಡೆಯ ಮೇಲೆ ಉಗುರು ಎಳೆದು ನೋಡಿದೆ. ಎಲ್ಲಿಯೂ ತಡೆಯಲಿಲ್ಲ. ಗೀರು ಉಗುರಿಗೆ ಸಿಕ್ಕಿದ್ದರೆ ಹೊಸ ಸೀಲು ಹಾಕಿಯೂ ಫಲವಿರಲಿಲ್ಲ. ಹಿಗ್ಗಿದ ಹಳೆಯ ಉಂಗುರದ ಅಳತೆ ನಂಬುವಂಥದ್ದಲ್ಲ ಎಂದು ಪಿಸ್ಟನ್ನನ್ನೇ ಬಟ್ಟೆಯಲ್ಲಿ ಸುತ್ತಿ ಶಿರಸಿ ಪೇಟೆಗೆ ಒಯ್ದೆ. ತೋಡಿನ ಅಳತೆಗೆ ಸರಿಹೊಂದುವ, ಗಟ್ಟಿ ಜಾತಿಯ ನೈಟ್ರೈಲ್ ರಬ್ಬರಿನ ಓ-ರಿಂಗ್ ಸಿಕ್ಕಿತು. ಬ್ಯಾಕಪ್ ರಿಂಗ್, ಸೇಫ್ಟಿ ವಾಲ್ವಿನ ಸಣ್ಣ ರಿಂಗ್ ಎಲ್ಲ ಸೇರಿ ಇನ್ನೂರು ರೂಪಾಯಿ ದಾಟಲಿಲ್ಲ. ಎಣ್ಣೆಯ ಖರ್ಚೇ ದೊಡ್ಡದು.

ಟೆಫ್ಲಾನ್ ಉಂಗುರ ಸುಲಭಕ್ಕೆ ಹಿಗ್ಗುವುದಿಲ್ಲ. ಬಚ್ಚಲ ಹಂಡೆಯ ಕುದಿಯುವ ನೀರಿನಲ್ಲಿ ಕೆಲವು ನಿಮಿಷ ಅದ್ದಿಟ್ಟೆ. ಮೆತ್ತಗಾದದ್ದೇ ತಡ, ಬೆರಳಿನಿಂದಲೇ ತೋಡಿಗೆ ಇಳಿಯಿತು. ಎಣ್ಣೆ ಸವರಿ ಪಿಸ್ಟನ್ ಒಳಗೆ ತಳ್ಳಿದಾಗ ಎಲ್ಲಿಯೂ ಕಚ್ಚದೆ ಒಂದೇ ಸಮನೆ ಬಿಗಿಯಾಗಿ ಸರಿಯಿತು. ಆ ಬಿಗಿ ಕೈಗೆ ಗೊತ್ತಾಗುತ್ತದೆ. ಗ್ಯಾಸ್ಕೆಟ್ ಹೊಸದು ಹಾಕಿ, ಬೋಲ್ಟುಗಳನ್ನು ಎದುರುಬದುರಾಗಿ ಹಂತಹಂತವಾಗಿ ಬಿಗಿದೆ. ಎಣ್ಣೆಯ ಜಾಲರಿ ತೊಳೆದು, ಹೊಸ ಎಣ್ಣೆ ತುಂಬಿ, ಭಾರವಿಲ್ಲದೆ ಹತ್ತಾರು ಬಾರಿ ಎತ್ತಿ ಇಳಿಸಿದ ಮೇಲೆ ಒಳಗಿನ ಗಾಳಿ ಹೋಗಿ ನಡುಕ ನಿಂತಿತು.

ಸಂಜೆ ರೋಟವೇಟರ್ ಎತ್ತಿ, ಅದೇ ಗೂಟಕ್ಕೆ ಹೊಸ ಗೆರೆ ಎಳೆದು, ಮಕ್ಕಳೂ ದನಗಳೂ ಹತ್ತಿರ ಬಾರದಂತೆ ಕೊಟ್ಟಿಗೆಯ ಬಾಗಿಲು ಹಾಕಿಕೊಂಡೆ. ಎತ್ತಿದ ಭಾರದ ಕೆಳಗೆ ಯಾರೂ ನುಸುಳಬಾರದು, ಸೀಲು ಹೊಸದಿದ್ದರೂ. ಬೆಳಗ್ಗೆ ನೋಡಿದರೆ ಗೆರೆಯಿಂದ ಅರ್ಧ ಬೆರಳು ಇಳಿದಿತ್ತು, ಅಷ್ಟೇ. ಗದ್ದೆಯಲ್ಲಿ ಹದ ಇನ್ನೂ ಇತ್ತು.