ಮಾರಿದ ಕುದುರೆ ಜೀನನ್ನು ಕೊಡಗಿನಿಂದ ಕಳಿಸುವುದು ಹೇಗೆ

ಮೊದಲು ಜೀನು ಪೂರ್ತಿ ಒಣಗಿರಬೇಕು. ನಮ್ಮ ಮಡಿಕೇರಿ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚರ್ಮದ ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ, ಇನ್ನು ಜೀನನ್ನು ತೇವ ಇದ್ದ ಹಾಗೇ ಡಬ್ಬದಲ್ಲಿ ಮುಚ್ಚಿದರೆ ಕೊಂಡವರ ಕೈಗೆ ಸಿಗುವುದು ಬೂಷ್ಟೇ ಅಲ್ವಾ? ಒದ್ದೆ ಬಟ್ಟೆಯಿಂದ ಒರೆಸಿ, ಗಾಳಿಯಾಡುವ ನೆರಳಲ್ಲಿ ಎರಡು ದಿನ ಬಿಡಿ. ಬಿಸಿಲು, ಒಲೆ ಎರಡೂ ಬೇಡ, ಚರ್ಮ ಬಿರಿಯುತ್ತದೆ.

ಪ್ಯಾಕ್ ಮಾಡುವ ಮುಂಚೆ ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ. ಗೀರು ಇದ್ದರೆ ಅದರದ್ದೂ ಇರಲಿ.

ರಿಕಾಬು (ಸವಾರ ಕಾಲಿಡುವ ಬಳೆ), ಹೊಟ್ಟೆಪಟ್ಟಿ ಬಿಚ್ಚಿ ಬೇರೆ ಸುತ್ತಿ. ಕಬ್ಬಿಣದ ರಿಕಾಬು ದಾರಿಯಲ್ಲಿ ಅಲುಗಾಡಿದರೆ ಚರ್ಮಕ್ಕೆ ಗಾಯ ಗ್ಯಾರಂಟಿ. ಜೀನಿಗೆ ಮೊದಲು ಹಳೇ ಕಾಟನ್ ಬೆಡ್‌ಶೀಟ್, ಅದರ ಮೇಲೆ ಬಬಲ್ ರ‍್ಯಾಪ್. ಪ್ಲಾಸ್ಟಿಕ್ ನೇರವಾಗಿ ಚರ್ಮಕ್ಕೆ ತಾಗಬಾರದು, ಬೆವರುತ್ತದೆ. ಒಳಗಿನ ಚೌಕಟ್ಟು ಮುರಿದರೆ ಜೀನೇ ಮುಗಿಯಿತು, ಅದಕ್ಕೇ ಕೆಳಗಿನ ಕಮಾನಿನ ಜಾಗಕ್ಕೆ ಪೇಪರ್ ಉಂಡೆಗಳನ್ನು ಗಟ್ಟಿಯಾಗಿ ತುಂಬಿ, ಸುತ್ತಲೂ ಎರಡೆರಡು ಇಂಚು ಮೆತ್ತೆ ಕೊಡಿ. ಡಬ್ಬ ಅಲ್ಲಾಡಿಸಿ ನೋಡಿ. ಸದ್ದು ಬಂದರೆ ಇನ್ನೂ ತುಂಬಿ.

ಡಬ್ಬ ಸುಮ್ನೆ ದೊಡ್ಡದು ಬೇಡ. ಹಲವು ಕೊರಿಯರ್‌ನವರು ಉದ್ದ, ಅಗಲ, ಎತ್ತರ ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸಿ, ಬಂದದ್ದನ್ನು ಕಿಲೋ ತೂಕ ಅಂತ ಹಿಡಿಯುತ್ತಾರೆ. 60, 50, 40ರ ಡಬ್ಬ ಅಂದರೆ 24 ಕಿಲೋ ಲೆಕ್ಕ, ಜೀನು ಎಷ್ಟೇ ಹಗುರ ಇರಲಿ.

ಕೊಡಗಿಗೆ ರೈಲಿಲ್ಲ, ಎಲ್ಲಾ ಲಾರಿಯಲ್ಲೇ ಹೋಗಬೇಕು. ಹಾಗಾಗಿ ಮಳೆಗಾಲದಲ್ಲಿ ಹೊರಗೊಂದು ದಪ್ಪ ಪ್ಲಾಸ್ಟಿಕ್ ಹೊದಿಕೆ ಹಾಕಿ, ವಿಳಾಸದ ಇನ್ನೊಂದು ಚೀಟಿಯನ್ನು ಡಬ್ಬದ ಒಳಗೂ ಇಡಿ. ವಿಮೆ ಮಾಡಿಸಿ, ರಸೀದಿಯ ಫೋಟೊ ಕೊಂಡವರಿಗೆ ಅವತ್ತೇ ಕಳಿಸಿ.